ಏಳೆಂಟು ತಿಂಗಳ ಅನುಭವ ಇಟ್ಟುಕೊಂಡು ಎಂಬಿಎಗೆ ಅರ್ಜಿ ಹಾಕಬಹುದಾ?

ನಿಮ್ಮ ಪ್ರಶ್ನೆ ಇಷ್ಟು: ಬಿಕಾಂ ಮುಗಿದಿದೆ. ಶಿವಮೊಗ್ಗದಲ್ಲಿ ಸೋದರಮಾವನ ಅಡಿಕೆ ಮಂಡಿಯಲ್ಲಿ ಏಳೆಂಟು ತಿಂಗಳಿಂದ ಲೆಕ್ಕ ನೋಡಿಕೊಳ್ಳುತ್ತಿದ್ದೀರಿ. ಅದನ್ನು ಅನುಭವ ಅಂತ ಹೇಳಿಕೊಳ್ಳಲು ಸಂಕೋಚ. ಬೆಂಗಳೂರಿಗೆ ಹೋಗಿ ಯಾವುದಾದರೂ ಕಂಪನಿಯಲ್ಲಿ ಎರಡು ವರ್ಷ ಕೆಲಸ ಮಾಡಿ ಆಮೇಲೆ ಎಂಬಿಎಗೆ ಅರ್ಜಿ ಹಾಕಲಾ, ಈಗಲೇ ಹಾಕಲಾ ಅಂತ ಕೇಳಿದ್ದೀರಿ.

ಈಗಲೇ ಹಾಕಿ. ಮಂಡಿ ಕೆಲಸವನ್ನೂ ಬಿಡಬೇಡಿ.

ನಾನು ಎಂಬಿಎಗೆ ಸೇರಿದಾಗ ಕೆಲಸಕ್ಕೆ ಸೇರಿ ವರ್ಷ ತುಂಬಿರಲಿಲ್ಲ. ಈಗ ಚಳಿಗಾಲ ಬಂತೆಂದರೆ ಪರಿಚಯದ ಹುಡುಗ ಹುಡುಗಿಯರನ್ನು ಕೂರಿಸಿಕೊಂಡು ಮಾಕ್ ಇಂಟರ್‌ವ್ಯೂ, ಅಂದರೆ ಸಂದರ್ಶನದ ತಾಲೀಮು ಮಾಡಿಸುತ್ತೇನೆ. ಹಾಗಾಗಿ ಇದನ್ನು ಎರಡೂ ಕಡೆಯಿಂದ ನೋಡಿದ್ದೇನೆ.

ಮೊದಲು ನಿಯಮದ ಮಾತು. ದೇಶದ ಹೆಸರಾಂತ ಮ್ಯಾನೇಜ್‌ಮೆಂಟ್ ಸಂಸ್ಥೆಗಳಾದ ಐಐಎಂಗಳ ಎರಡು ವರ್ಷದ ಕೋರ್ಸಿಗೆ ಕೆಲಸದ ಅನುಭವ ಕಡ್ಡಾಯ ಅಲ್ಲ. ಡಿಗ್ರಿಯಲ್ಲಿ ಶೇ. 50 ಇದ್ದರೆ ಅಲ್ಲಿನ ಪ್ರವೇಶ ಪರೀಕ್ಷೆಯಾದ ಕ್ಯಾಟ್ ಬರೆಯಬಹುದು. ಪರಿಶಿಷ್ಟ ಜಾತಿ, ಪಂಗಡದವರಿಗೆ ಮತ್ತು ಅಂಗವಿಕಲರಿಗೆ ಶೇ. 45 ಸಾಕು. ಡಿಗ್ರಿ ಕೊನೆಯ ವರ್ಷದಲ್ಲಿರುವವರೂ ಬರೆಯುತ್ತಾರೆ. ಎರಡು ವರ್ಷ ಅನುಭವ ಬೇಕು ಅಂತ ನಿಮಗೆ ಯಾರೋ ಹೇಳಿದ್ದಾರಲ್ಲ, ಅದು ಹೈದರಾಬಾದ್ ಮತ್ತು ಮೊಹಾಲಿಯ ಐಎಸ್‌ಬಿ ಎಂಬ ಬಿಸಿನೆಸ್ ಸ್ಕೂಲಿನ ಒಂದು ವರ್ಷದ ಕೋರ್ಸಿನ ನಿಯಮ ಇರಬೇಕು. ಹಾರ್ವರ್ಡ್‌ನಂಥ ಕಡೆ ಓದುತ್ತಿರುವಾಗಲೇ ಸೀಟು ಕಾಯ್ದಿರಿಸುವ ‘2+2’ ಎಂಬ ದಾರಿಯಿದೆ. ಆದರೆ ಅದು ಕೊನೆಯ ವರ್ಷದ ವಿದ್ಯಾರ್ಥಿಗಳಿಗೆ. ನಿಮ್ಮದು ಮುಗಿದಿದೆ, ಅದನ್ನು ತಲೆಯಿಂದ ತೆಗೆದುಹಾಕಿ.

ಹಾಗಂತ ಅನುಭವಕ್ಕೆ ಬೆಲೆಯೇ ಇಲ್ಲವೆಂದಲ್ಲ. ಬನ್ನೇರುಘಟ್ಟ ರಸ್ತೆಯ ಐಐಎಂ ಬೆಂಗಳೂರನ್ನೇ ತೆಗೆದುಕೊಳ್ಳಿ. ಅಲ್ಲಿ ಕ್ಯಾಟ್ ಅಂಕದ ಜೊತೆ ಹತ್ತನೇ ಕ್ಲಾಸು, ಪಿಯುಸಿ, ಡಿಗ್ರಿ ಅಂಕ ಎಲ್ಲವನ್ನೂ ಸೇರಿಸುತ್ತಾರೆ. ಅನುಭವದ ಅಂಕವೂ ಒಂದಿದೆ. ಈಚಿನ ವರ್ಷಗಳ ಸೂತ್ರದಲ್ಲಿ ಅದು 36 ತಿಂಗಳವರೆಗೆ ಏರುತ್ತಾ ಹೋಗಿ ಅಲ್ಲಿಗೆ ನಿಲ್ಲುತ್ತದೆ. ಎಂಟು ತಿಂಗಳಿಗೆ ಅದರ ಕಾಲು ಭಾಗವೂ ಸಿಗುವುದಿಲ್ಲ. ನಷ್ಟ ಹೌದು, ಆದರೆ ಕ್ಯಾಟ್‌ನಲ್ಲಿ ತುಂಬಿಕೊಳ್ಳಬಹುದಾದ ನಷ್ಟ. ಹತ್ತನೇ ಕ್ಲಾಸಿನ ಅಂಕವನ್ನಂತೂ ಈಗ ಯಾರೂ ತಿದ್ದಲಾಗುವುದಿಲ್ಲ, ಅಲ್ವಾ?

ನಿಮ್ಮ ಪ್ರಶ್ನೆಯಲ್ಲಿ ನನಗೆ ಆಶ್ಚರ್ಯ ತಂದ ಸಾಲು, ‘ಸುಮ್ನೆ ಮಂಡೀಲಿ ಕೂತಿದ್ದೆ, ಅಷ್ಟೆ’ ಅನ್ನುವುದು. ನಾನೂ ಸಾಗರದ ಕಡೆಯವನು. ಮಂಡಿಯಲ್ಲಿ ಸುಮ್ನೆ ಕೂತವರನ್ನು ನಾನು ನೋಡಿಲ್ಲ.

ಯೋಚನೆ ಮಾಡಿ. ರೈತರೊಬ್ಬರು ಅಡಿಕೆ ತಂದು ಹಾಕುತ್ತಾರೆ. ಅವತ್ತೇ ಮಾರುವುದಿಲ್ಲ, ರೇಟು ಬರಲಿ ಅಂತ ಮೂಟೆಗಳನ್ನು ನಿಮ್ಮಲ್ಲೇ ಬಿಟ್ಟು ಹೋಗುತ್ತಾರೆ. ಹೋಗುವಾಗ ತೋಟಕ್ಕೆ ಔಷಧಿ ಹೊಡೆಸಲೋ, ಮಗಳ ಮದುವೆಗೋ ಒಂದಿಷ್ಟು ಅಡ್ವಾನ್ಸ್ ಒಯ್ಯುತ್ತಾರೆ. ಈಗ ಹೇಳಿ, ಗೋದಾಮಿನಲ್ಲಿರುವ ಮಾಲು ಯಾರದ್ದು? ರೇಟು ಬಿದ್ದರೆ ಪೆಟ್ಟು ಯಾರಿಗೆ? ಕೊಟ್ಟ ದುಡ್ಡಿಗೆ ಬಡ್ಡಿ ಯಾವ ದಿನದಿಂದ? ಯಾರಿಗೆ ಎಷ್ಟರ ತನಕ ಕೊಡಬಹುದು ಅಂತ ಮಾವ ಹೇಗೆ ತೀರ್ಮಾನ ಮಾಡುತ್ತಾರೆ? ಆ ದುಡ್ಡು ಅವರಿಗೆ ಎಲ್ಲಿಂದ ಬರುತ್ತದೆ? ಒಂದೇ ತೋಟದ ಅಡಿಕೆ ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ಬೇರೆ ಬೇರೆ ದರ್ಜೆಯಾಗಿ, ಸರಕಿಗೂ ಗೊರಬಲಿಗೂ ರೇಟಿನಲ್ಲಿ ಅಷ್ಟೊಂದು ಅಂತರ ಯಾಕೆ? ಎಂಬಿಎ ಮೊದಲ ವರ್ಷದಲ್ಲಿ ವರ್ಕಿಂಗ್ ಕ್ಯಾಪಿಟಲ್ (ದಿನದ ವ್ಯಾಪಾರಕ್ಕೆ ಬೇಕಾದ ದುಡ್ಡು), ಕ್ರೆಡಿಟ್ ರಿಸ್ಕ್ (ಕೊಟ್ಟ ಸಾಲ ಬಾರದಿರುವ ಅಪಾಯ), ಇನ್ವೆಂಟರಿ (ದಾಸ್ತಾನು) ಅಂತ ಕಲಿಸುವುದು ಇದನ್ನೇ. ನಿಮ್ಮ ಮಾವ ಇದನ್ನು ದಿನಾ ಮಾಡುತ್ತಾರೆ, ನೀವು ಅದರ ಲೆಕ್ಕ ಬರೆಯುತ್ತೀರಿ.

ಇಂಟರ್‌ವ್ಯೂನಲ್ಲಿ ಕಡಿಮೆ ಅನುಭವದವರು ಎಡವುವ ಜಾಗ ಇದು. ‘ಏನು ಕೆಲಸ?’ ‘ಅಕೌಂಟ್ಸ್ ಸರ್.’ ‘ಅಂದರೆ?’ ‘ಎಂಟ್ರಿ ಮಾಡ್ತಿದ್ದೆ ಸರ್.’ ಅಲ್ಲಿಗೆ ಮಾತು ಮುಗಿಯಿತು. ದೊಡ್ಡ ಐಟಿ ಕಂಪನಿಯಲ್ಲಿ ಮೂರು ವರ್ಷ ಇದ್ದವರೂ ಹೀಗೇ ಉತ್ತರ ಕೊಡುವುದನ್ನು ಕೇಳಿದ್ದೇನೆ. ಎದುರಿಗೆ ಕೂತ ಪ್ರೊಫೆಸರ್‌ಗಳು ತಿಂಗಳು ಎಣಿಸುತ್ತಾ ಕೂರುವುದಿಲ್ಲ, ಆ ಎಣಿಕೆ ಅರ್ಜಿಯಲ್ಲೇ ಮುಗಿದಿರುತ್ತದೆ. ಕೈಯಲ್ಲಿದ್ದ ಕೆಲಸವನ್ನು ಕಣ್ಣು ಬಿಟ್ಟು ನೋಡಿದ್ದೀರಾ ಅಂತ ನೋಡುತ್ತಾರೆ. ಬರೀ ತಿಂಗಳು ತುಂಬಿಸಲು ಬೆಂಗಳೂರಿನಲ್ಲಿ ಮನಸ್ಸಿಲ್ಲದ ಕೆಲಸ ಹಿಡಿದರೆ ಇದು ಸಿಗುವುದಿಲ್ಲ.

ಇನ್ನೊಂದು ಹೆಜ್ಜೆ ಮುಂದೆ ಹೋಗಿ ತಯಾರಾಗಿ. ಕೇಂದ್ರ ಸರ್ಕಾರ 2022ರಲ್ಲಿ ಭೂತಾನ್‌ನಿಂದ 17 ಸಾವಿರ ಟನ್ ಹಸಿ ಅಡಿಕೆಯನ್ನು ಕನಿಷ್ಠ ಆಮದು ಬೆಲೆಯ (ಇದಕ್ಕಿಂತ ಅಗ್ಗಕ್ಕೆ ತರುವಂತಿಲ್ಲ ಅನ್ನುವ ಬೆಲೆ) ಷರತ್ತಿಲ್ಲದೆ ತರಿಸಲು ಒಪ್ಪಿಗೆ ಕೊಟ್ಟಿತು. 2023ರ ಫೆಬ್ರವರಿಯಲ್ಲಿ ಅದೇ ಕನಿಷ್ಠ ಬೆಲೆಯನ್ನು ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿಸಿತು. ಇದು ಯಾಕೆ, ಯಾರಿಗೆ ಲಾಭ ಅಂತ ಕೇಳಿದರೆ ಎರಡು ನಿಮಿಷ ಮಾತಾಡುವಷ್ಟು ಗೊತ್ತಿರಲಿ. ಅಡಿಕೆ ಕ್ಯಾನ್ಸರ್‌ಕಾರಕ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಹೇಳಿದೆ. ‘ನಿಮ್ಮ ವ್ಯಾಪಾರ ಇನ್ನೆಷ್ಟು ದಿನ?’ ಅನ್ನುವ ಪ್ರಶ್ನೆ ಬಂದೇ ಬರುತ್ತದೆ ಅಂದುಕೊಳ್ಳಿ. ಮಲೆನಾಡಿನವರಿಗೆ ಈ ಮಾತು ಕೇಳಿದ ತಕ್ಷಣ ಸಿಟ್ಟು ಬರುತ್ತದೆ. ಸಿಟ್ಟು ಬೇಡ, ಉತ್ತರ ಇರಲಿ. ಬಿಕಾಂ ಪಾಠಗಳನ್ನೂ ಒಮ್ಮೆ ತಿರುವಿ ಹಾಕಿ. ಹೊಸಬರನ್ನು ಓದಿದ್ದರ ಮೇಲೇ ಜಾಸ್ತಿ ಕೇಳುತ್ತಾರೆ.

ಕಾಗದಪತ್ರದ ವಿಷಯ ಈಗಲೇ ನೋಡಿಕೊಳ್ಳಿ. ಮಾವ ಸಂಬಳವನ್ನು ಕೈಗೆ ಕೊಡುತ್ತಿದ್ದರೆ ಈ ತಿಂಗಳಿಂದಲೇ ಬ್ಯಾಂಕಿಗೆ ಹಾಕಲು ಹೇಳಿ. ಮಂಡಿಯ ಲೆಟರ್‌ಹೆಡ್ಡಿನಲ್ಲಿ ಸೇರಿದ ದಿನ, ಕೆಲಸ, ಸಂಬಳ ಬರೆಸಿ ಪತ್ರ ಇಟ್ಟುಕೊಳ್ಳಿ. ಡಿಗ್ರಿ ಮುಗಿದ ಮೇಲಿನ ಪೂರ್ಣಾವಧಿ, ಸಂಬಳದ ಕೆಲಸ ಮಾತ್ರ ಸಾಮಾನ್ಯವಾಗಿ ಲೆಕ್ಕಕ್ಕೆ ಬರುವುದು; ಇಂಟರ್ನ್‌ಶಿಪ್, ಅರೆಕಾಲಿಕ ಕೆಲಸ ಬರುವುದಿಲ್ಲ. ಮನೆಯವರದೇ ವ್ಯಾಪಾರ ಅಂತ ಮಾವ ಪ್ರೀತಿಯಿಂದ ‘ಜನರಲ್ ಮ್ಯಾನೇಜರ್’ ಅಂತ ಬರೆದುಕೊಡಲು ಹೊರಟರೆ ತಡೆಯಿರಿ. ಆ ಹುದ್ದೆಯ ಮೇಲೆ ಬರುವ ಮೂರನೇ ಪ್ರಶ್ನೆಗೆ ಬಣ್ಣ ಬಯಲಾಗುತ್ತದೆ.

ಕಡಿಮೆ ಅನುಭವ ನಿಜಕ್ಕೂ ಕಾಡುವುದು ಸೀಟು ಸಿಕ್ಕ ಮೇಲೆ. ಕ್ಲಾಸಿನಲ್ಲಿ ಎರಡು ಮೂರು ವರ್ಷ ಕೆಲಸ ಮಾಡಿದ ಇಂಜಿನಿಯರ್‌ಗಳು ತುಂಬಿರುತ್ತಾರೆ. ದೊಡ್ಡ ಐಐಎಂಗಳಲ್ಲಿ ಅನುಭವ ಇದ್ದವರಿಗೇ ಅಂತ ಕೆಲವು ಕಂಪನಿಗಳು ಬೇರೆಯಾಗಿ ಬರುತ್ತವೆ, ಆ ಬಾಗಿಲು ನಿಮಗೆ ಮುಚ್ಚಿರುತ್ತದೆ. ಹೊಸಬರಿಗೆ ಮೊದಲ ವರ್ಷದ ಕೊನೆಯ ಸಮ್ಮರ್ ಇಂಟರ್ನ್‌ಶಿಪ್ಪೇ ಆಧಾರ. ಕಾಲೇಜು ಆಯ್ಕೆ ಮಾಡುವಾಗ ಸರಾಸರಿ ಸಂಬಳ ನೋಡಬೇಡಿ, ಹೊಸಬರಿಗೆ ಯಾವ ಕಂಪನಿ ಯಾವ ಕೆಲಸ ಕೊಟ್ಟಿತು ಅಂತ ಅಲ್ಲಿ ಓದುತ್ತಿರುವವರನ್ನೇ ಕೇಳಿ.

ರಾಜ್ಯದ ಕಾಲೇಜುಗಳ ಎಂಬಿಎ ಸೀಟಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ನಡೆಸುವ ಪ್ರವೇಶ ಪರೀಕ್ಷೆ ಪಿಜಿಸಿಇಟಿಯನ್ನೂ ಬರೆಯಿರಿ. ಅಲ್ಲಿ ಅನುಭವ ಯಾರೂ ಕೇಳುವುದಿಲ್ಲ, ರ್‍ಯಾಂಕ್ ಇದ್ದರೆ ಸೀಟು. ಮೈಸೂರು ವಿವಿಯ ಬಹದ್ದೂರ್ ಇನ್‌ಸ್ಟಿಟ್ಯೂಟ್, ನಿಮ್ಮ ಪಕ್ಕದಲ್ಲೇ ಶಂಕರಘಟ್ಟದ ಕುವೆಂಪು ವಿವಿ ಇವೆ. ಖರ್ಚು ಐಐಎಂಗೆ ಹೋಲಿಸಿದರೆ ಏನೂ ಅಲ್ಲ. ಆದರೆ ರ್‍ಯಾಂಕ್ ಬರಲಿಲ್ಲ ಅಂತ ಬೆಂಗಳೂರಿನ ಯಾವುದೋ ಗಲ್ಲಿ ಕಾಲೇಜಿಗೆ ಲಕ್ಷಗಟ್ಟಲೆ ಡೊನೇಷನ್ ಸುರಿಯುವುದಕ್ಕಿಂತ ಇನ್ನೊಂದು ವರ್ಷ ಮಂಡಿಯಲ್ಲಿರುವುದೇ ವಾಸಿ.

ಫೀಸಿನ ಬಗ್ಗೆ ಮನೆಯಲ್ಲಿ ಚಿಂತೆ ಅಂದಿರಿ. ಹಳೆಯ ಐಐಎಂಗಳಲ್ಲಿ ಎರಡು ವರ್ಷಕ್ಕೆ ಸುಮಾರು 25 ಲಕ್ಷ ಆಗುತ್ತದೆ. 2024ರ ನವೆಂಬರ್‌ನಲ್ಲಿ ಒಪ್ಪಿಗೆ ಪಡೆದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ಪಟ್ಟಿಯಲ್ಲಿರುವ ಸಂಸ್ಥೆಗಳಿಗೆ ಅಡಮಾನ, ಜಾಮೀನು ಇಲ್ಲದೆ ಸಾಲ ಸಿಗುತ್ತದೆ. ಮನೆಯ ವರಮಾನ ವರ್ಷಕ್ಕೆ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಶೇ. 3ರ ಬಡ್ಡಿ ರಿಯಾಯಿತಿಯೂ ಇದೆ. ತೋಟ ಅಡವಿಡುವ ಮಾತು ಸದ್ಯಕ್ಕೆ ಎತ್ತಬೇಡಿ.

ಕ್ಯಾಟ್ ಅರ್ಜಿ ಸಾಮಾನ್ಯವಾಗಿ ಆಗಸ್ಟ್‌ನಲ್ಲಿ ಶುರುವಾಗುತ್ತದೆ, ಪರೀಕ್ಷೆ ನವೆಂಬರ್ ಕೊನೆಗೆ. ಮೂರು ಭಾಗ, ಒಂದೊಂದಕ್ಕೆ 40 ನಿಮಿಷ. ಮಂಡಿ ಬಾಗಿಲು ಹಾಕಿದ ಮೇಲೆ ರಾತ್ರಿ ಎರಡು ಗಂಟೆ ಓದಲು ಸಿಕ್ಕರೆ ಸಾಕು. ಮಾಕ್ ಇಂಟರ್‌ವ್ಯೂ ಬೇಕಿದ್ದರೆ ಫಲಿತಾಂಶ ಬಂದ ಮೇಲೆ ಇಲ್ಲೇ ಬರೆಯಿರಿ, ಕೂರೋಣ.