ಚಿತ್ರದುರ್ಗದ ಜೋಗಿಮಟ್ಟಿ ಬೆಟ್ಟ ಹತ್ತುವಾಗ ಬ್ಯಾಗ್‌ನಿಂದ ಭುಜ ನೋಯುತ್ತದೆ, ಪಟ್ಟಿಗಳನ್ನು ಹೇಗೆ ಸರಿಮಾಡಿಕೊಳ್ಳಬೇಕು?

ಜೋಗಿಮಟ್ಟಿ ಹತ್ತುವಷ್ಟರಲ್ಲಿ ಭುಜ ಸೋತುಹೋಗುತ್ತದೆ ಎಂದಿದ್ದೀರಿ. ಅಂದರೆ ಭಾರವೆಲ್ಲ ಭುಜದ ಮೇಲೇ ಕೂತಿದೆ, ಅದು ಸೊಂಟಕ್ಕೆ ಇಳಿಯಬೇಕು. ಮನೆಯಲ್ಲೇ ನೀರು, ಬುತ್ತಿ ಎಲ್ಲ ತುಂಬಿ ಹಾಕಿ ನೋಡಿ, ಖಾಲಿ ಬ್ಯಾಗ್‌ನಲ್ಲಿ ಏನೂ ಗೊತ್ತಾಗುವುದಿಲ್ಲ. ಮೊದಲು ಎಲ್ಲ ಪಟ್ಟಿ ಸಡಿಲ ಮಾಡಿ. ಸೊಂಟದ ಪಕ್ಕ ಕೈಯಿಂದ ಒತ್ತಿದರೆ ಮೂಳೆಯ ಮೇಲಂಚು ಸಿಗುತ್ತದೆ ಅಲ್ವಾ, ಬ್ಯಾಗಿನ ಸೊಂಟದ ಬೆಲ್ಟಿನ ನಡುಭಾಗ ಸರಿಯಾಗಿ ಅದರ ಮೇಲೆ ಕೂರಬೇಕು, ಹೊಟ್ಟೆಯ ಮೇಲಲ್ಲ. ಅದನ್ನು ಬಿಗಿ ಮಾಡಿದ ಮೇಲೇ ಭುಜದ ಪಟ್ಟಿ ಎಳೆಯಿರಿ, ಬ್ಯಾಗ್ ಬೆನ್ನಿಗೆ ತಾಗಿದರೆ ಸಾಕು. ಭುಜದ ಪಟ್ಟಿಯನ್ನು ಬ್ಯಾಗಿನ ಮೇಲ್ಭಾಗಕ್ಕೆ ಸೇರಿಸುವ ಸಣ್ಣ ಪಟ್ಟಿ ಸುಮಾರು 45 ಡಿಗ್ರಿ ಓರೆಯಾಗಿರಲಿ, ಜಾಸ್ತಿ ಎಳೆಯಬೇಡಿ. ಎದೆಪಟ್ಟಿ ಉಸಿರಿಗೆ ಅಡ್ಡ ಬರಬಾರದು. ಬೆಲ್ಟ್ ಸರಿಯಾಗಿ ಕೂತರೂ ಪಟ್ಟಿ ಭುಜ ಬಿಟ್ಟು ಮೇಲೆ ನಿಂತರೆ ಬ್ಯಾಗ್ ನಿಮ್ಮ ಬೆನ್ನಿಗೆ ಉದ್ದವಾಯಿತು, ಬೇರೆ ಸೈಜ್ ನೋಡಿ.