ತಗಡಿನ ಗೂಡು ಬಾಂಬು ತಡೆಯುತ್ತಿತ್ತೇ?

ಪ್ರಶ್ನೆ: ಎರಡನೇ ಮಹಾಯುದ್ಧದ ಲಂಡನ್ ಚಿತ್ರಗಳಲ್ಲಿ ಹಿತ್ತಲಿನ ತಗಡಿನ ಗೂಡಿನ ಮೇಲೆ ತರಕಾರಿ ಬೆಳೆದಿರುತ್ತದೆ. ಅಷ್ಟು ತೆಳು ತಗಡು ಬಾಂಬಿಗೆ ತಡೆಯಾದೀತೇ?

ಉತ್ತರ: ನೇರ ಬಿದ್ದರೆ ಖಂಡಿತ ಇಲ್ಲ. ಪಕ್ಕದಲ್ಲಿ ಬಿದ್ದ ಬಾಂಬಿನ ಹೊಡೆತ, ಹಾರುವ ಚೂರುಗಳನ್ನು ತಡೆಯಲೆಂದೇ ಆ್ಯಂಡರ್ಸನ್ ಆಶ್ರಯ ಎಂಬ ಈ ಗೂಡನ್ನು ಮಾಡಿದ್ದು. ವಿತರಣೆ ಶುರುವಾದದ್ದು 1939ರ ಫೆಬ್ರವರಿಯಲ್ಲಿ. ವರ್ಷಕ್ಕೆ 250 ಪೌಂಡಿಗಿಂತ ಕಡಿಮೆ ದುಡಿಯುವವರಿಗೆ ಪುಕ್ಕಟೆ.

ಸುಮಾರು 4 ಅಡಿ ಗುಂಡಿ ತೋಡಿ, ಸತು ಲೇಪಿಸಿದ ಅಲೆಅಲೆಯ ಉಕ್ಕಿನ ಹಾಳೆಗಳನ್ನು ನಿಲ್ಲಿಸಿ, ಮೇಲ್ತುದಿಯಲ್ಲಿ ಕಮಾನಾಗಿ ಬೋಲ್ಟ್ ಹಾಕಬೇಕು. ಮೇಲೆ ಕನಿಷ್ಠ 15 ಇಂಚು ಮಣ್ಣು. ನಿಜವಾದ ರಕ್ಷಣೆ ಆ ಮಣ್ಣಿನದ್ದೇ. ಅಲೆಯಿರುವ ಹಾಳೆ ಮುರಿಯದೆ ಬಾಗುತ್ತದೆ, ಮಣ್ಣು ಹೊಡೆತವನ್ನು ನುಂಗುತ್ತದೆ. ಮಳೆಗೆ ಮಣ್ಣು ಕೊಚ್ಚಿಹೋಗದಂತೆ ಬೇರು ಹಿಡಿಯುವ ಗಿಡ ಬೇಕು. ರೇಷನ್ ಕಾಲದಲ್ಲಿ ಅದು ಅಡುಗೆಗೂ ಆಯಿತು.

ಒಳಗೆ ಆರೂವರೆ ಅಡಿ ಉದ್ದ, ನಾಲ್ಕೂವರೆ ಅಡಿ ಅಗಲ. ಅಷ್ಟರಲ್ಲೇ ಆರು ಜನ! ದೊಡ್ಡ ಕಾಟ ನೀರು. ಲಂಡನ್ನಿನ ಜೇಡಿಮಣ್ಣು ನೀರು ಇಂಗಿಸುವುದಿಲ್ಲ, ಹೀಗಾಗಿ ಗುಂಡಿ ಬಾವಿಯಾಗುತ್ತಿತ್ತು. ಮೂಲೆಯಲ್ಲಿ ಸಣ್ಣ ಕುಳಿ ತೋಡಿ, ಅಲ್ಲಿ ಕೂಡಿದ ನೀರನ್ನು ಬಕೆಟ್ಟಿನಲ್ಲಿ ಮೊಗೆದು ಚೆಲ್ಲಬೇಕು. ಉಸಿರಿನ ಹಬೆ ತಣ್ಣನೆಯ ತಗಡಿಗೆ ತಾಗಿ ಹನಿಯಾಗಿ ಹಾಸಿಗೆಗೆ ತೊಟ್ಟಿಕ್ಕುತ್ತಿತ್ತು. ಮಕ್ಕಳನ್ನು ಮಲಗಿಸಿಕೊಂಡ ತಾಯಂದಿರಿಗೆ ಬಾಂಬಿನಷ್ಟೇ ಈ ಥಂಡಿಯೂ ಚಿಂತೆ.

ಹಿತ್ತಲಿಲ್ಲದವರಿಗೆ 1941ರಲ್ಲಿ ಮಾರಿಸನ್ ಆಶ್ರಯ ಬಂತು: ಮೇಲೆ ಉಕ್ಕಿನ ಹಲಗೆ, ಸುತ್ತ ತಂತಿ ಜಾಲರಿ. ಹಗಲು ಊಟದ ಮೇಜು, ರಾತ್ರಿ ಅದರಡಿ ನಿದ್ದೆ.