ಲಾರಿಯ ಕ್ಯಾಬಿನ್ನಿಗೆ ಯಾವ ರೇಡಿಯೊ: ಸಿಬಿಯೋ, ಹ್ಯಾಮೋ?

ಪ್ರಶ್ನೆ: ನನ್ನ ಮೂರು ಲಾರಿಗಳು ಶಹಾಬಾದಿನ ಫರಸಿ ಕಲ್ಲನ್ನೂ ಕಲಬುರಗಿಯ ತೊಗರಿ ಬೇಳೆಯನ್ನೂ ಹೈದರಾಬಾದು, ಸೊಲ್ಲಾಪುರಗಳಿಗೆ ಸಾಗಿಸುತ್ತವೆ. ಹುಮನಾಬಾದಿನ ಆಚೀಚೆ ಕೆಲವು ಕಡೆ ಮೊಬೈಲ್ ಹತ್ತುವುದಿಲ್ಲ. ಮುಂದಿನ ಲಾರಿ ಟೈರು ಒಡೆದು ನಿಂತರೆ ಹಿಂದಿನ ಡ್ರೈವರಿಗೆ ಅದು ತಿಳಿಯುವುದು ಕಣ್ಣಿಗೆ ಬಿದ್ದಾಗಲೇ. ಅಮೆರಿಕದ ಟ್ರಕ್ಕುಗಳಲ್ಲಿರುವಂಥ ಸಿಬಿ, ಅಂದರೆ ಸಿಟಿಜನ್ಸ್ ಬ್ಯಾಂಡ್ ರೇಡಿಯೊ ಹಾಕಿಸಲೇ? ಹ್ಯಾಮ್ ರೇಡಿಯೊ ಇನ್ನೂ ದೂರ ಮುಟ್ಟುತ್ತದೆ ಎಂದು ನನ್ನ ಅಳಿಯ ಹೇಳುತ್ತಾನೆ.
— ಲಾರಿ ಮಾಲೀಕರೊಬ್ಬರು, ಶಹಾಬಾದ್

ಉತ್ತರ: ನಿಮ್ಮ ಅಳಿಯಂದಿರ ಮಾತು ನಿಜ, ಆದರೆ ನಿಮ್ಮ ಕೆಲಸಕ್ಕೆ ಅದು ಒದಗುವುದಿಲ್ಲ. ಹ್ಯಾಮ್ ಎಂದು ಕರೆಯುವ ಅಮೆಚೂರ್ ರೇಡಿಯೊ ಹವ್ಯಾಸಕ್ಕೆ, ಪ್ರಯೋಗಕ್ಕೆ, ಸ್ವಂತ ಕಲಿಕೆಗೆ ಮೀಸಲಾದದ್ದು. ಅದರಲ್ಲಿ ಲಾಭದ ಉದ್ದೇಶದ ಮಾತಿಗೆ ಅವಕಾಶವಿಲ್ಲ. "ಬೇಳೆ ಇಳಿಸಿದ ಮೇಲೆ ವಾಪಸ್ ಲೋಡು ಸಿಕ್ಕಿತೇ, ಬಾಡಿಗೆ ಎಷ್ಟಕ್ಕೆ ಕುದುರಿತು" ಎಂದು ನೀವು ಹ್ಯಾಮ್ ಸೆಟ್ಟಿನಲ್ಲಿ ಕೇಳಿದರೆ, ಪರವಾನಗಿ ಇದ್ದರೂ ಅದು ನಿಯಮಭಂಗವೇ. ಎರಡನೆಯ ತೊಡಕು ಇದಕ್ಕಿಂತ ದೊಡ್ಡದು. ಹ್ಯಾಮ್ ಪರವಾನಗಿ ಕೊಡುವುದು ವ್ಯಕ್ತಿಗೇ ಹೊರತು ಲಾರಿಗಲ್ಲ. ನೀವೊಬ್ಬರೇ ಪರೀಕ್ಷೆ ಪಾಸಾದರೆ ಸಾಲದು, ಮೂವರು ಡ್ರೈವರುಗಳೂ ಪಾಸಾಗಿ ತಮ್ಮ ತಮ್ಮ ಕರೆಸಂಕೇತ ಪಡೆಯಬೇಕು.

ಆ ಪರೀಕ್ಷೆ ಕಷ್ಟವೆಂದು ಹೆದರಬೇಕಾಗಿಲ್ಲ. ದೂರಸಂಪರ್ಕ ಇಲಾಖೆಯ ನಿಸ್ತಂತು ವಿಭಾಗ ನಡೆಸುವ ಈ ಪರೀಕ್ಷೆಗೆ 12 ವರ್ಷ ತುಂಬಿದ ಮಕ್ಕಳೂ ಕೂರಬಹುದು. ನಿರ್ಬಂಧಿತ ದರ್ಜೆಗೆ ಸ್ವಲ್ಪ ವಿದ್ಯುತ್ ಶಾಸ್ತ್ರ ಮತ್ತು ನಿಯಮಗಳು ಗೊತ್ತಿದ್ದರೆ ಆಯಿತು. ಸಾಮಾನ್ಯ ದರ್ಜೆಗೆ ಮಾತ್ರ ನಿಮಿಷಕ್ಕೆ 8 ಪದಗಳ ವೇಗದ ಮೋರ್ಸ್ (ಚುಕ್ಕೆ-ಗೆರೆಗಳ ಸಂಕೇತ) ಬರಬೇಕು. ಅಳಿಯಂದಿರಿಗೆ ಆಸಕ್ತಿಯಿದ್ದರೆ ಅವರು ಖಂಡಿತ ಬರೆಯಲಿ. ಮನೆಯ ಮಾಳಿಗೆಯ ಮೇಲೆ ಒಂದು ತಂತಿ ಕಟ್ಟಿ, 7 ಮೆಗಾಹರ್ಟ್ಸ್ ಸುಮಾರಿನಲ್ಲಿ ಹಗಲು ಹೊತ್ತು ಬೆಂಗಳೂರಿನವರೊಡನೆ ಮಾತನಾಡುವ ಸುಖವೇ ಬೇರೆ. ಆದರೆ ಅದು ಅವರ ಸುಖ, ನಿಮ್ಮ ಲಾರಿಯ ಕೆಲಸವಲ್ಲ.

ಇನ್ನು ಸಿಬಿ. ನಮ್ಮ ದೇಶದಲ್ಲಿ 26.957ರಿಂದ 27.283 ಮೆಗಾಹರ್ಟ್ಸ್ ವರೆಗಿನ ಆವರ್ತನ ಪಟ್ಟಿಯನ್ನು 2005ರಲ್ಲಿ ಪರವಾನಗಿಯಿಂದ ಮುಕ್ತಗೊಳಿಸಿದ್ದಾರೆ. ಹೊರಸೂಸುವ ಶಕ್ತಿ 5 ವಾಟ್ ಮೀರಬಾರದು, ಸೆಟ್ಟಿನ ಮಾದರಿಗೆ ಇಲಾಖೆಯ ಅನುಮೋದನೆ ಇರಬೇಕು. ಅಮೆರಿಕದಲ್ಲಿರುವ ನೆಂಟರ ಕೈಲಿ ಸೆಟ್ಟು ತರಿಸುವ ವಿಚಾರವಿದ್ದರೆ ಅದನ್ನು ಬಿಟ್ಟುಬಿಡಿ. ಅನುಮೋದನೆಯ ಪ್ರಶ್ನೆ ಒಂದು ಕಡೆಗಿರಲಿ, ಅಲ್ಲಿನ 40 ಚಾನೆಲ್‌ಗಳು 27.405 ಮೆಗಾಹರ್ಟ್ಸ್ ವರೆಗೂ ಹೋಗುತ್ತವೆ. ನಮ್ಮ ಮಿತಿಯೊಳಗೆ ಬರುವುದು 1ರಿಂದ 27ರವರೆಗಿನವು ಮಾತ್ರ. 28ಕ್ಕೆ ಗುಂಡಿ ತಿರುಗಿಸಿದ ಕೂಡಲೇ ನೀವು ಬೇಲಿ ಹಾರಿದಂತೆ.

ಅಮೆರಿಕದ ಚಾಲಕರಿಗೆ ಸಿಬಿ ಒಗ್ಗಿದ್ದು 1973ರ ತೈಲ ಬಿಕ್ಕಟ್ಟಿನ ದಿನಗಳಲ್ಲಿ. ಡೀಸೆಲ್ ಎಲ್ಲಿ ಸಿಗುತ್ತದೆ, ಪೊಲೀಸರು ಎಲ್ಲಿ ನಿಂತಿದ್ದಾರೆ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದ ಆ ಕಾಲದಲ್ಲಿ ಬೆಳೆದ ರೂಢಿಯಿಂದ ಇಂದಿಗೂ ಅಲ್ಲಿ 19ನೆಯ ಚಾನೆಲ್ ಟ್ರಕ್ಕಿನವರದು; 9ನೆಯದು ಮಾತ್ರ ಅಲ್ಲಿನ ನಿಯಮದಂತೆಯೇ ತುರ್ತು ಕರೆಗೆ. ಹುಮನಾಬಾದಿನ ಹೆದ್ದಾರಿಯಲ್ಲಿ ನೀವು 19 ಹಾಕಿ ಎಷ್ಟು ಕೂಗಿದರೂ ಓಗೊಡುವವರಿಲ್ಲ, ಏಕೆಂದರೆ ನಮ್ಮ ಲಾರಿಗಳಲ್ಲಿ ಈ ಸೆಟ್ಟೇ ಇಲ್ಲ. ಹಾಗಾಗಿ ನಿಮ್ಮ ಮೂರೂ ಲಾರಿಗಳಿಗೆ ಒಟ್ಟಿಗೇ ಹಾಕಿಸುವುದಾದರೆ ಸಿಬಿ ಕೊಳ್ಳಿ. ಒಂದಕ್ಕೆ ಮಾತ್ರ ಹಾಕಿಸಿ ನೋಡೋಣವೆಂದರೆ ದುಡ್ಡು ದಂಡ.

ದೂರದ ಬಗ್ಗೆ ಅತಿಯಾಸೆ ಬೇಡ. ಒಮ್ಮೆ ಜೇವರ್ಗಿ ರಸ್ತೆಯಲ್ಲಿ, ಕಟ್ಟಿಸಂಗಾವಿಯ ಭೀಮಾ ಸೇತುವೆಯ ಹತ್ತಿರ ಒಂದು ಲಾರಿಯನ್ನು ನಿಲ್ಲಿಸಿ ಇನ್ನೊಂದರಲ್ಲಿ ನಾನು ಕುಳಿತು ಹೊರಟಿದ್ದೆ. ಎರಡೂ ಬದಿ ಬಯಲು ಎರೆಹೊಲವಿದ್ದ ಕಡೆ ಐದಾರು ಕಿಲೋಮೀಟರಿನವರೆಗೆ ಮಾತು ಎದುರು ಕುಳಿತು ಆಡಿದಷ್ಟು ಸ್ಪಷ್ಟವಾಗಿತ್ತು. ರಸ್ತೆ ತಗ್ಗಿಗೆ ಇಳಿದ ಕೂಡಲೇ ಬರೀ ಖರಖರ. ಹಿಂದುಮುಂದಾಗಿ ಹೋಗುವ ಲಾರಿಗಳಿಗೆ ಅಷ್ಟು ಸಾಕು. ಹೈದರಾಬಾದಿನಲ್ಲಿರುವ ಲಾರಿಯನ್ನು ಶಹಾಬಾದಿನಿಂದ ಮಾತನಾಡಿಸಲು ಮೊಬೈಲೇ ಗತಿ.

ಸೆಟ್ಟಿಗಿಂತ ಹೆಚ್ಚು ಗಮನ ಬೇಡುವುದು ಆಂಟೆನಾ. ಈ ಆವರ್ತನದಲ್ಲಿ ಒಂದು ಅಲೆಯ ಉದ್ದ ಸುಮಾರು 11 ಮೀಟರ್. ಅದರ ಕಾಲು ಭಾಗವೆಂದರೂ ಆಂಟೆನಾ 2.7 ಮೀಟರ್ ಆಗುತ್ತದೆ. ಅಷ್ಟುದ್ದದ ಕಡ್ಡಿಯನ್ನು ಲಾರಿಯ ನೆತ್ತಿಯ ಮೇಲೆ ನಿಲ್ಲಿಸಿದರೆ ಊರೊಳಗಿನ ಕರೆಂಟ್ ತಂತಿಗೆ ತಾಗಿ ಪ್ರಾಣಕ್ಕೇ ಅಪಾಯ. ಆದ್ದರಿಂದ ಬುಡದಲ್ಲಿ ಸುರುಳಿಯಿರುವ, ಒಂದೂಕಾಲು ಮೀಟರ್ ಆಸುಪಾಸಿನ ಆಂಟೆನಾ ತೆಗೆದುಕೊಂಡು ಕನ್ನಡಿಯ ಬ್ರಾಕೆಟ್ಟಿಗೆ ಬಿಗಿಸಿರಿ. ಬಿಗಿಸುವ ಜಾಗದಲ್ಲಿ ಬಣ್ಣ ಕೆರೆದು ಕಬ್ಬಿಣಕ್ಕೆ ಕಬ್ಬಿಣ ತಾಗುವಂತೆ ಮಾಡಿರಿ; ಕ್ಯಾಬಿನ್ನಿನ ಉಕ್ಕೇ ಆಂಟೆನಾದ ಇನ್ನರ್ಧ, ಹಿಂದಿನ ಮರದ ಬಾಡಿ ಇದಕ್ಕೆ ಬಾರದು. ಬಳಿಕ, ಆಂಟೆನಾದಿಂದ ಶಕ್ತಿ ಎಷ್ಟು ಹಿಂದಿರುಗುತ್ತಿದೆ ಎಂದು ತೋರಿಸುವ ಎಸ್‌ಡಬ್ಲ್ಯುಆರ್ ಮೀಟರು ಹಾಕಿ ನೋಡಿಸಿ. ಮುಳ್ಳು 1.5ರೊಳಗಿದ್ದರೆ ಒಳ್ಳೆಯದು, 3 ದಾಟಿದ್ದರೆ ಮಾತಾಡುವ ಗುಂಡಿ ಒತ್ತಲೇಬೇಡಿ, ಶಕ್ತಿಯ ದೊಡ್ಡ ಪಾಲು ಹಿಂದಿರುಗಿ ಸೆಟ್ಟಿನ ಟ್ರಾನ್ಸಿಸ್ಟರ್ ಸುಟ್ಟೀತು.

ಒಂದು ಮಾತನ್ನು ನಾನು ಪೆಟ್ಟು ತಿಂದು ಕಲಿತಿದ್ದೇನೆ. ದೊಡ್ಡ ಲಾರಿಗಳಲ್ಲಿ ಇರುವುದು 24 ವೋಲ್ಟ್, ಅಂದರೆ 12 ವೋಲ್ಟಿನ ಎರಡು ಬ್ಯಾಟರಿಗಳ ಜೋಡಿ. ಸಿಬಿಯಾಗಲಿ ಹ್ಯಾಮ್ ಆಗಲಿ ಸಾಮಾನ್ಯವಾಗಿ ಕೇಳುವುದು 12 ವೋಲ್ಟ್. ನನ್ನ ಪರಿಚಿತರ ಲಾರಿಗೆ ಸೆಟ್ಟು ಕೂರಿಸಿದ ಆಟೊ ಎಲೆಕ್ಟ್ರಿಷಿಯನ್ ಒಬ್ಬರು ಒಂದೇ ಬ್ಯಾಟರಿಯಿಂದ ವೈರು ಎಳೆದರು, ನಾನೂ ಪಕ್ಕದಲ್ಲೇ ನಿಂತು ತಲೆಯಾಡಿಸಿದೆ. ಒಂದು ಬ್ಯಾಟರಿ ಸದಾ ಬರಿದಾಗುತ್ತ, ಇನ್ನೊಂದು ಅತಿಯಾಗಿ ಚಾರ್ಜ್ ಆಗುತ್ತ, ಮಳೆಗಾಲ ಮುಗಿಯುವುದರೊಳಗೆ ಎರಡೂ ಕೈಕೊಟ್ಟವು. 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಹಾಕಿಸಿ. ಸಿಬಿಗೆ 5 ಆಂಪಿಯರಿನದು ಧಾರಾಳವಾಯಿತು. ತೀರ ಅಗ್ಗದ್ದನ್ನು ತಂದರೆ ಅದರದೇ ಗೊರಗೊರ ಸ್ಪೀಕರಿನಲ್ಲಿ ಕೇಳಿಸುತ್ತದೆ. ಬ್ಯಾಟರಿಯ ಬುಡದಲ್ಲೇ ಒಂದು ಫ್ಯೂಸ್ ಇರಲಿ.

ಓಡುವ ಲಾರಿಯಲ್ಲಿ ಮೈಕು ಕ್ಲೀನರ್ ಕೈಯಲ್ಲಿರಲಿ. ಚಾಲನೆಯಲ್ಲಿರುವಾಗ ಕೈಯಲ್ಲಿ ಹಿಡಿಯುವ ಸಂಪರ್ಕ ಸಾಧನ ಬಳಸುವುದನ್ನು 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆ ಅಪಾಯಕಾರಿ ಚಾಲನೆಯೊಳಗೇ ಸೇರಿಸಿದೆ.

ಪ್ರಶ್ನೆ: ಆನ್‌ಲೈನಿನಲ್ಲಿ "ಇಪ್ಪತ್ತು ಕಿಲೋಮೀಟರ್ ವಾಕಿಟಾಕಿ" ಎಂದು ಜೋಡಿ ಸೆಟ್ಟು ಅಗ್ಗಕ್ಕೆ ಸಿಗುತ್ತದೆ. ಹತ್ತಿ ಸಾಗಿಸುವ ನಮ್ಮ ಎರಡು ಗಾಡಿಗಳಿಗೆ ಅದು ಸಾಕಲ್ಲವೇ?
— ಓದುಗರೊಬ್ಬರು, ಯಾದಗಿರಿ

ಉತ್ತರ: ಆ ಇಪ್ಪತ್ತು ಕಿಲೋಮೀಟರ್ ಗುಡ್ಡದ ತುದಿಯಿಂದ ಗುಡ್ಡದ ತುದಿಗೆ. ಲಾರಿಯ ತಗಡಿನ ಕ್ಯಾಬಿನ್ನಿನೊಳಗೆ ಕುಳಿತರೆ ಒಂದೆರಡು ಕಿಲೋಮೀಟರ್ ಸಿಕ್ಕರೆ ಹೆಚ್ಚು. ಪರವಾನಗಿ ಬೇಡದ ವಾಕಿಟಾಕಿಗಳು 446.0ರಿಂದ 446.2 ಮೆಗಾಹರ್ಟ್ಸ್ ಒಳಗೆ, ಕಡಿಮೆ ಶಕ್ತಿಯಲ್ಲಿ ಕೆಲಸ ಮಾಡುವಂಥವು. ಯಾವ ಆವರ್ತನಕ್ಕೆ ಬೇಕಾದರೂ ತಿರುಗಿಸಬಹುದಾದ ಸೆಟ್ಟುಗಳಿಗೆ ಆ ವಿನಾಯಿತಿ ಇಲ್ಲ. ಇಂಥವು ಆನ್‌ಲೈನಿನಲ್ಲಿ ವಿವರವಿಲ್ಲದೆ ಮಾರಾಟವಾಗುತ್ತಿದ್ದ ಕಾರಣಕ್ಕೇ 2025ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಮಾರ್ಗಸೂಚಿ ಹೊರಡಿಸಬೇಕಾಯಿತು. ಆವರ್ತನವನ್ನೂ ಇಟಿಎ (ಸೆಟ್ಟಿನ ಮಾದರಿಗೆ ಇಲಾಖೆ ಕೊಡುವ) ಅನುಮೋದನೆಯನ್ನೂ ನಮೂದಿಸದ ಸೆಟ್ಟನ್ನು ಎಷ್ಟೇ ಅಗ್ಗವಿದ್ದರೂ ಕೊಳ್ಳಬೇಡಿ. ಗೋದಾಮಿನಲ್ಲಿ ಲಾರಿ ಹಿಂದಕ್ಕೆ ತೆಗೆಯುವಾಗ, ಹತ್ತಿಯ ಅಂಡಿಗೆಗಳ ಮೇಲೆ ಹಗ್ಗ ಬಿಗಿಯುವಾಗ ಅನುಮೋದಿತ ಸೆಟ್ಟು ಚೆನ್ನಾಗಿ ಉಪಯೋಗಕ್ಕೆ ಬರುತ್ತದೆ.